ಆರಿದ್ರಾ ಮಳೆಯ ಎಂಟು ದಿನ ಬಿಡುವು: ನಿದ್ದೆ, ಓದು, ಬರಹ ಮೂರನ್ನೂ ಹೊಂದಿಸುವುದು ಹೇಗೆ?

ಸೋಗೆಮಾಡು (ಶಿರಸಿ) ಕೇಳಿದ್ದು:

ಅಡಿಕೆಗೆ ಕೊಳೆ ರೋಗದ ಮೊದಲ ಮದ್ದು ಮೇ ಕೊನೆಗೇ ಹೊಡೆದಾಗಿದೆ. 40–45 ದಿನದ ಲೆಕ್ಕ ಹಿಡಿದರೆ ಎರಡನೆಯದು ಜುಲೈ ಎರಡನೇ ವಾರದ ಹೊತ್ತಿಗೆ. ನಡುವೆ ಆರಿದ್ರಾ ಮಳೆಯಲ್ಲಿ ಎಂಟು ದಿನ ತೋಟದಲ್ಲಿ ಹೇಳಿಕೊಳ್ಳುವಂಥ ಕೆಲಸ ಇಲ್ಲ. ಕೊಟ್ಟಿಗೆ ಕೆಲಸ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಅಷ್ಟೇ.

ಈ ಎಂಟು ದಿನದಲ್ಲಿ ಮೈ ದಣಿವು ಕಳೆಯಬೇಕು. 220 ಪುಟದ ಒಂದು ಕಾದಂಬರಿ, ಒಂದು ಕಥಾಸಂಕಲನ ಓದಬೇಕು. ಅರ್ಧಕ್ಕೆ ನಿಂತ ಕಥೆಯೊಂದನ್ನು ಮುಗಿಸಬೇಕು (ಈಗ 900 ಪದ ಆಗಿದೆ, 2,500ಕ್ಕೆ ಮುಗಿಯುವ ಅಂದಾಜು). ದಿನಕ್ಕೆ ವಿಶ್ರಾಂತಿ ಮೂರು ಗಂಟೆ, ಓದು ಮೂರು ಗಂಟೆ, ಬರಹ ಮೂರು ಗಂಟೆ ಎಂದು ಪಟ್ಟಿ ಹಾಕಿದ್ದೇನೆ. ಇದು ನಡೆಯುತ್ತದಾ? ಎಲ್ಲಿ ಕೈಕೊಡುತ್ತದೆ? ಬರೆಯುವುದು ನೋಟ್‌ಬುಕ್ಕಿನಲ್ಲಿ, ಆಮೇಲೆ ಲ್ಯಾಪ್‌ಟಾಪಿಗೆ. ಕರೆಂಟಿನ ಕಥೆ ನಿಮಗೆಲ್ಲ ಗೊತ್ತೇ ಇದೆ.

---

ಅಘನಾಶಿನಿ ದಡ (ಕುಮಟಾ):

ಮೂರು-ಮೂರು-ಮೂರರ ಪಟ್ಟಿ ಮೂರನೇ ದಿನವೇ ಮಗುಚುತ್ತದೆ ಮಾರಾಯ್ರೆ. ಈ ಮೂರು ಕೆಲಸಗಳು ಒಂದನ್ನೊಂದು ಕೆಡಿಸುವ ರೀತಿಯೇ ಬೇರೆ ಬೇರೆ. ಎರಡು ಗಂಟೆ ಓದಿ ಬರೆಯಲು ಕೂತರೆ ಓದಿದವರ ವಾಕ್ಯವೇ ಕೈಗೆ ಬರುತ್ತದೆ. ಬರೆದು ದಣಿದ ಮೇಲೆ ಓದಲು ಮಾತ್ರ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಸಂಜೆ ಓದೂ ಇಲ್ಲ, ಬರಹವೂ ಇಲ್ಲ, ರಾತ್ರಿ ನಿದ್ದೆಯೂ ಇಲ್ಲ. ಹಾಗಾಗಿ ಯಾವುದಕ್ಕೆ ಎಷ್ಟು ಗಂಟೆ ಎನ್ನುವುದನ್ನು ಆಮೇಲೆ ನೋಡಿ, ಯಾವುದರ ಹಿಂದೆ ಯಾವುದು ಎನ್ನುವುದನ್ನು ಮೊದಲು ಗಟ್ಟಿ ಮಾಡಿ.

ಮೊದಲ ಎರಡು ದಿನ ಕಥೆ ಮುಟ್ಟಬೇಡಿ. ಆ ಎರಡು ದಿನ ನಿದ್ದೆಯ ಬಾಕಿ ತೀರಿಸಲಿಕ್ಕೆ. ಬಾಕಿ ತೀರಿಸುವುದು ರಾತ್ರಿ ಬೇಗ ಮಲಗುವುದರಿಂದ, ಬೆಳಿಗ್ಗೆ ತಡವಾಗಿ ಏಳುವುದರಿಂದಲ್ಲ. ಏಳುವ ಹೊತ್ತು ದಿನದ ರೂಢಿಗಿಂತ ಒಂದು ಗಂಟೆಗೂ ಹೆಚ್ಚು ಜಾರಿದರೆ ಮೈಯೊಳಗಿನ ಗಡಿಯಾರವೇ ಜಾರುತ್ತದೆ, ಮಾರನೇ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಮಧ್ಯಾಹ್ನದ ಊಟದ ಮೇಲೆ ಒಂದರಿಂದ ಮೂರರ ನಡುವೆ ಮೈ ತಾನಾಗಿಯೇ ಕುಗ್ಗುತ್ತದೆ. ಆಗ 20–25 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಅರ್ಧ ಗಂಟೆ ದಾಟಿತೋ ಗಾಢ ನಿದ್ದೆಗೆ ಇಳಿಯುತ್ತೀರಿ, ನಡುವೆ ಎಬ್ಬಿಸಿದರೆ ಇನ್ನರ್ಧ ಗಂಟೆ ಮಂಪರು. ಕಂಬಳಿ ಹೊದ್ದು ಮಲಗಿದವರಿಗೆ ಆರಿದ್ರಾ ಮಳೆಯಲ್ಲಿ ಅಲಾರಂ ಕೇಳುವುದೂ ಕಷ್ಟ, ಅದಕ್ಕೆ ಮಧ್ಯಾಹ್ನದ ನಿದ್ದೆ ಜಗಲಿಯ ಆರಾಮಕುರ್ಚಿಯಲ್ಲೇ ಆಗಲಿ. ಚಹಾದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತಕ್ಕೆ ಮಲಗುವವರು ನಾಲ್ಕರ ಚಹಾಕ್ಕೇ ಕೈ ತೊಳೆಯಬೇಕು. ಮತ್ತೆ ಬೇಕೆನಿಸಿದರೆ ಕೊತ್ತಂಬರಿ-ಜೀರಿಗೆ ಕಷಾಯ ಇದ್ದೇ ಇದೆ.

ಈಗ ಬರಹದ ಲೆಕ್ಕ. ಉಳಿದದ್ದು 1,600 ಪದ. ಮೂರನೇ ದಿನದಿಂದ ಏಳನೇ ದಿನದವರೆಗೆ ಐದು ಕೂರಿಕೆ, ಅಂದರೆ ದಿನಕ್ಕೆ 320 ಪದ. ಹೊಸ ಬರಹ ಗಂಟೆಗೆ 300–400 ಪದ ಬಂದರೆ ಚೆನ್ನಾಗಿಯೇ ಬಂತು ಎನ್ನಬೇಕು. ಕನ್ನಡದ ಪದ ಉದ್ದ, ‘ಹೋಗಬೇಕಾಗಿದ್ದವನಿಗೆ’ ಎಂದು ಬರೆದರೂ ಎಣಿಕೆಗೆ ಒಂದೇ. ಹಾಗಾಗಿ 50 ನಿಮಿಷ ಬರೆದು, 15 ನಿಮಿಷ ಎದ್ದು ಅಂಗಳ ನೋಡಿ, ಮತ್ತೆ 30 ನಿಮಿಷ ಬರೆದರೆ ಆ ದಿನದ್ದು ಮುಗಿಯಿತು. ಮೂರು ಗಂಟೆ ಕೂರುವ ಅಗತ್ಯವೇ ಇಲ್ಲ. ಮೂರನೇ ಗಂಟೆಯಲ್ಲಿ ಬರೆದದ್ದನ್ನು ಎಂಟನೇ ದಿನ ಹೊಡೆದುಹಾಕುವುದೇ ಹೆಚ್ಚು.

ಹೊತ್ತು: ಕೊಟ್ಟಿಗೆ ಕೆಲಸ, ತಿಂಡಿ ಮುಗಿದದ್ದೇ ಕೂರಬೇಕು. ಪೇಪರು, ಮೊಬೈಲು, ಕಾದಂಬರಿ ಯಾವುದೂ ಅದಕ್ಕಿಂತ ಮೊದಲು ಬೇಡ.

ಮೂರನೇ ದಿನ ಎಲ್ಲರೂ ಮಾಡುವ ತಪ್ಪು ಎಂದರೆ ಹಳೆಯ 900 ಪದವನ್ನು ತಿದ್ದಲು ಕೂರುವುದು. ತಿದ್ದುತ್ತಾ ಮೂರು ದಿನ ಹೋಗುತ್ತದೆ, 900 ಇದ್ದದ್ದು 850 ಆಗುತ್ತದೆ. ಅದರ ಬದಲು ಒಮ್ಮೆ ಪೂರ್ತಿ ಓದಿ, ಕೊನೆಯ ಒಂದು ಪುಟವನ್ನು ಮಾತ್ರ ಹೊಸ ಹಾಳೆಯಲ್ಲಿ ಕೈಯಾರೆ ನಕಲು ಮಾಡಿ. 15 ನಿಮಿಷದ ಕೆಲಸ. ನಿಂತುಹೋದ ಕಥೆಯ ಲಯ ಕೈಗೆ ಮರಳಿ ಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಕಲು ಮುಗಿದ ಕೂಡಲೇ ನಿಲ್ಲಿಸದೆ ಮುಂದಿನ ವಾಕ್ಯಕ್ಕೆ ಹೋಗಿಬಿಡಿ.

ದಿನದ ಬರಹ ನಿಲ್ಲಿಸುವಾಗ ವಾಕ್ಯವನ್ನು ಪೂರ್ತಿ ಮಾಡಬೇಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ‘ಮಳೆ ಹೊಳವಾದದ್ದೇ ಸುಬ್ರಾಯ ಹಾಳೆಟೊಪ್ಪಿ ತೆಗೆದು ಜಗಲಿಯ ಗೂಟಕ್ಕೆ’ ಎನ್ನುವಲ್ಲಿಗೆ ಪೆನ್ಸಿಲ್ ಇಟ್ಟು ಏಳಿ. ಮಾರನೇ ದಿನ ‘ಸಿಕ್ಕಿಸಿದ’ ಎಂದು ಬರೆಯುವಷ್ಟರಲ್ಲಿ ಕೈ ಓಡಲು ಶುರುವಾಗಿರುತ್ತದೆ. ಬದಲಿಗೆ ಅಧ್ಯಾಯ ಮುಗಿಸಿ, ಕೆಳಗೆ ಗೆರೆ ಎಳೆದು ಎದ್ದರೆ ಮಾರನೇ ದಿನ ಖಾಲಿ ಹಾಳೆಯ ಮುಂದೆ ಅರ್ಧ ಗಂಟೆ ಹೋಗುತ್ತದೆ.

2,500ರ ಕಥೆ 900ಕ್ಕೆ ನಿಂತಿದೆ ಎಂದರೆ ಬಹುಪಾಲು ಒಂದೇ ಕಾರಣ: ಊರು, ಮನೆ, ಮಳೆ ಎಲ್ಲ ಬಂದಿದೆ, ಆದರೆ ಪಾತ್ರಕ್ಕೆ ಇನ್ನೂ ಏನೂ ಬೇಕಾಗಿಲ್ಲ. ಎರಡನೇ ದಿನ ರಾತ್ರಿ ಮೂರು ಸಾಲು ಬರೆದಿಡಿ. ಇವನಿಗೆ ಏನು ಬೇಕು, ಅಡ್ಡ ಇರುವವರು ಯಾರು, ಕಥೆ ಮುಗಿಯುವಾಗ ಇವನ ಕೈಯಿಂದ ಏನು ಹೋಗಿರುತ್ತದೆ. ಮೂರನೇ ಸಾಲು ಬರೆಯಲಾಗದಿದ್ದರೆ ಕಥೆಯ ಕೊನೆಯ ಪ್ಯಾರಾ ಮೊದಲು ಬರೆದು ನೋಡಿ. ಆಮೇಲೆ ಅದನ್ನು ಎಸೆದರೂ ನಷ್ಟವಿಲ್ಲ.

---

ಕರಡು ತಿದ್ದುವವ (ಹೊನ್ನಾವರ):

ಮೇಲಿನವರು ಓದಿನ ಬಗ್ಗೆ ಹೆಚ್ಚು ಹೇಳಲಿಲ್ಲ.

ಮೊದಲು ನಿಮ್ಮ ವೇಗ ಅಳೆಯಿರಿ. ಕಾದಂಬರಿಯ ನಡುವಿನ ಯಾವುದಾದರೂ ಪುಟ ತೆಗೆದು 15 ನಿಮಿಷ ಓದಿ. ಎಂಟು ಪುಟ ಆಯಿತು ಎಂದರೆ 220 ಪುಟಕ್ಕೆ ಏಳು ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 70 ನಿಮಿಷ ಸಾಕು. ದಿನಕ್ಕೆ ಮೂರು ಗಂಟೆ ಓದುತ್ತೇನೆ ಎಂದು ಹೊರಟರೆ ಮೂರನೇ ದಿನಕ್ಕೇ ಪುಸ್ತಕ ಮುಗಿಯುತ್ತದೆ. ಮುಗಿಸಿದ ಉಮೇದಿನಲ್ಲಿ ಇನ್ನೊಂದು ಕೈಗೆತ್ತಿಕೊಳ್ಳುತ್ತೀರಿ, ಬರಹ ಅಲ್ಲಿಗೆ ಕೊನೆ. ಓದಿಗೆ ಸಂಜೆ ನಾಲ್ಕರ ನಂತರದ ಹೊತ್ತು ಒಳ್ಳೆಯದು, ಬೆಳಗಿನ ಬರಹಕ್ಕೂ ಅದಕ್ಕೂ ನಡುವೆ ಊಟ, ನಿದ್ದೆ ಎರಡೂ ಬಂದಿರುತ್ತವೆ.

ಯಾವ ಪುಸ್ತಕ ಎನ್ನುವುದೂ ಮುಖ್ಯ. ನೀವು ಬರೆಯುತ್ತಿರುವ ಕಥೆ ತೋಟ-ಮಳೆ-ಜಗಲಿಯದ್ದಾದರೆ ಈ ವಾರ ಓದುವ ಕಾದಂಬರಿ ಮಲೆನಾಡಿನದ್ದಾಗಿರದಿರಲಿ. ಬಯಲುಸೀಮೆಯದ್ದೋ, ಪೇಟೆಯದ್ದೋ, ಅನುವಾದವೋ ಇರಲಿ. ನೀವು ‘ಅವನು’ ಎಂದು ಕಥೆ ಹೇಳುತ್ತಿದ್ದರೆ ‘ನಾನು’ ಎಂದು ಹೇಳುವ ಪುಸ್ತಕ ಓದಿ. ದನಿ ಅಂಟಿಕೊಳ್ಳುವ ರೋಗ ಹತ್ತಿರದ ನೆಂಟರಿಂದಲೇ ಬೇಗ ಹರಡುತ್ತದೆ.

ಕಥಾಸಂಕಲನವನ್ನು ಈ ವಾರ ಪೂರ್ತಿ ಓದಲು ಹೋಗಬೇಡಿ. ಒಂದೇ ಕಥೆಯನ್ನು ಮೂರು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ಪೆನ್ಸಿಲ್ ಹಿಡಿದು ಮೂರು ಗುರುತು ಮಾತ್ರ ಹಾಕಿ: ಕಾಲ ಹಿಂದೆ-ಮುಂದೆ ಜಿಗಿಯುವಲ್ಲಿ ಒಂದು ಗೆರೆ, ಹೊಸ ಪಾತ್ರ ಬಂದಲ್ಲಿ ಒಂದು ಚುಕ್ಕೆ, ಮಾತಿನ ಹಿಂದೆ ‘ಎಂದ’, ‘ಅಂದಳು’ ಇಲ್ಲದೆಯೂ ಯಾರ ಮಾತು ಎಂದು ತಿಳಿಯುವಲ್ಲಿ ಒಂದು ಸರಿ ಗುರುತು. ಮೂರನೇ ಸಲ ಒಂದೇ ಒಂದು ಪ್ಯಾರಾವನ್ನು ನಕಲು ಮಾಡಿ, ಅದರ ವಾಕ್ಯಗಳ ಉದ್ದ ಎಣಿಸಿ: ಎಷ್ಟು ಪದದ್ದು, ಎಲ್ಲಿ ಚಿಕ್ಕದಾಯಿತು, ಚಿಕ್ಕದಾದಲ್ಲಿ ಏನು ಆಯಿತು. ಹೊಸಬರ ಕರಡಿನಲ್ಲಿ ಎಲ್ಲ ವಾಕ್ಯವೂ 12–14 ಪದಕ್ಕೆ ಬಂದು ನಿಲ್ಲುವುದು ಸಾಮಾನ್ಯ. ಕಣ್ಣಿಗೆ ಕಾಣುವುದಿಲ್ಲ, ಎಣಿಸಿದಾಗಲೇ ಗೊತ್ತಾಗುವುದು.

ಮಾತಿನಲ್ಲಿ ಹವ್ಯಕ ಭಾಷೆ ತರುವುದಾದರೆ ಬರಹಕ್ಕೆ ಕೂರುವ ಮೊದಲೇ ಒಂದು ಚೀಟಿ ಮಾಡಿಕೊಳ್ಳಿ. ‘ಹೇಳಿ’ ಬರಬೇಕಾದಲ್ಲಿ ಒಂದು ಕಡೆ ‘ಹೇಳಿ’, ಇನ್ನೊಂದು ಕಡೆ ‘ಅಂತ’ ಬಂದರೆ ಅದೇ ಊರಿನ ಓದುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ. ‘ಇಲ್ಲೆ’, ‘ಎಂತ’, ‘ಅಡ್ಡಿಲ್ಲೆ’ ಇಂಥ ಹತ್ತು-ಹನ್ನೆರಡು ಪದಗಳ ಬರವಣಿಗೆ ಒಮ್ಮೆ ಗೊತ್ತು ಮಾಡಿಕೊಂಡರೆ ಸಾಕು. ನಿರೂಪಣೆಗೆ ಪುಸ್ತಕದ ಭಾಷೆ, ಮಾತಿಗೆ ಮನೆಯ ಭಾಷೆ ಎಂದಾದರೆ ಕೊನೆಯವರೆಗೂ ಹಾಗೇ ಇರಲಿ.

ಇನ್ನೊಂದು: ಓದುವುದನ್ನು ವಿಶ್ರಾಂತಿಯ ಖಾತೆಗೆ ಬರೆಯಬೇಡಿ. ಕಣ್ಣಿಗೂ ತಲೆಗೂ ಅದು ಕೆಲಸವೇ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ತೋಟದ ಆಚೆಯ ಗುಡ್ಡವನ್ನು ಅರ್ಧ ನಿಮಿಷ ನೋಡಿ. ಮಲಗಿ ಓದಿದರೆ ಪುಸ್ತಕ ಎದೆ ಮೇಲೆ, ಅಲ್ಲಿಗೆ ಓದೂ ಇಲ್ಲ, ನೆಟ್ಟಗೆ ನಿದ್ದೆಯೂ ಇಲ್ಲ.

---

ಹಂಚಿನ ಕೆಳಗೆ (ಯಲ್ಲಾಪುರ):

ಎಲ್ಲ ಸರಿ, ಆದರೆ ಈ ಮಳೆಯಲ್ಲಿ ಕಾಗದ ಬದುಕಬೇಕಲ್ಲ!

ಶಾಯಿ ಪೆನ್ನು ಈ ತಿಂಗಳು ಒಳಗಿಡಿ. ತಂಡಿ ಹಿಡಿದ ಕಾಗದದಲ್ಲಿ ಅಕ್ಷರ ಕಾಲು ಚಾಚುತ್ತದೆ, ಒತ್ತಕ್ಷರ ಓದಲಾಗುವುದಿಲ್ಲ. ಜೆಲ್ ಪೆನ್ನು ಬೇಗ ಒಣಗುವುದಿಲ್ಲ, ಅಂಗೈಗೆ ಮೆತ್ತುತ್ತದೆ. ಬಾಲ್‌ಪೆನ್ನು ಅಥವಾ ಎಚ್‌ಬಿ ಪೆನ್ಸಿಲ್ ಸಾಕು. ನೋಟ್‌ಬುಕ್ ತೆಳು ಹಾಳೆಯದ್ದು ಬೇಡ, 70 ಜಿಎಸ್‌ಎಂಗಿಂತ (ಹಾಳೆಯ ತೂಕದ ಅಳತೆ) ಕಡಿಮೆ ಇದ್ದರೆ ಮೂರು ದಿನದಲ್ಲಿ ಅಂಚು ಅಲೆಅಲೆಯಾಗುತ್ತದೆ. ಬರೆದಾದ ಮೇಲೆ ಜಗಲಿಯಲ್ಲೇ ಬಿಡದೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಕಿತ್ತಳೆ ಬಣ್ಣದ್ದು ತನ್ನಿ, ನೀರು ಹೀರಿ ತುಂಬಿದಾಗ ಹಸಿರಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುವುದರಿಂದ ಮನೆಬಳಕೆಗೆ ಬೇಡ. ಹುರಿದ ಅಕ್ಕಿ ಕಟ್ಟಿಡುವ ರೂಢಿ ಕೆಲವು ಕಡೆ ಇದೆ, ಅದು ಇರುವೆ-ಹುಳ ಕರೆಯುವುದೇ ಹೆಚ್ಚು.

ಗಾಳಿಯ ತೇವ ಶೇಕಡಾ 65 ದಾಟಿ ನಿಂತಲ್ಲೆಲ್ಲ ಬೂಷ್ಟು ಬರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟದ ದಿನವೇ ಅಪರೂಪ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳಷ್ಟು ಸಂದು ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಒಂದು ಪುಸ್ತಕ ಎಳೆದರೆ ಸಲೀಸಾಗಿ ಬರುವಷ್ಟು ಸಡಿಲ ಇರಲಿ. ಮುಚ್ಚುವ ಕಪಾಟಾದರೆ ತಳದಲ್ಲಿ 15 ವ್ಯಾಟಿನ ಹಳೇ ತಂತಿ ಬಲ್ಬು ಉರಿಸುವುದು ಕೆಲಸ ಮಾಡುತ್ತದೆ, ಒಳಗಿನ ಗಾಳಿ ಬೆಚ್ಚಗಾಗಿ ತೇವ ಇಳಿಯುತ್ತದೆ. ಎಲ್‌ಇಡಿ ಹಾಕಿದರೆ ಬಿಸಿಯೇ ಇಲ್ಲ, ಕರೆಂಟ್ ದಂಡ. ಬಲ್ಬಿಗೂ ಪುಸ್ತಕಕ್ಕೂ ನಡುವೆ ಮೊಳದಷ್ಟು ದೂರ ಇರಬೇಕು, ಬಟ್ಟೆ ಹತ್ತಿರ ಇರಬಾರದು, ಮನೆಯಲ್ಲಿ ಜನ ಇಲ್ಲದಾಗ ಆರಿಸಿ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗೆ ಅಲ್ಲ. ಇದು ಎಷ್ಟು ಸಲ ಹೇಳಿದರೂ ಜನ ಗುಳಿಗೆಯನ್ನೇ ಸುರಿಯುತ್ತಾರೆ.

ಈಗಾಗಲೇ ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಕಾಗದದ ಒಳಗೆ ಇಳಿಯುತ್ತದೆ. ಮೊದಲು ಬೆಚ್ಚಗಿನ, ಗಾಳಿಯಾಡುವ ಕೋಣೆಯಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ ಒಣಗಿಸಿ. ಒಣಗಿ ಪುಡಿಯಾದ ಮೇಲೆ ಹೊರಗೆ ಕೊಂಡುಹೋಗಿ, ಮೂಗಿಗೆ ಬಟ್ಟೆ ಕಟ್ಟಿ, ಮೆತ್ತನೆ ಬ್ರಶ್ಶಿನಲ್ಲಿ ಹೊರಮುಖವಾಗಿ ತೂರಿ. ನಡುವೆ ಹೊಳವಾಗಿ ಬಿಸಿಲು ಬಿತ್ತೆಂದು ಅಂಗಳದಲ್ಲಿ ಹರವಿದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ, ನೆರಳಿನ ಗಾಳಿ ಸಾಕು.

ಕರೆಂಟ್: ಟೈಪ್ ಮಾಡುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ದಿನದ 320 ಪದ ಅಂದೇ ಸಂಜೆ ಟೈಪ್ ಮಾಡಿದರೆ 30–40 ನಿಮಿಷ. ಇಡೀ ಕಥೆಯನ್ನು ಎಂಟನೇ ದಿನಕ್ಕೆ ಬಿಟ್ಟರೆ ಅಂದೇ ಎಲ್ಲೋ ಮರ ಬಿದ್ದು ಲೈನು ಹೋಗಿರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ಆಸ್ಕಿ ಫಾಂಟಿನಲ್ಲಿ ಮಾಡಿದ್ದು ಮೊಬೈಲಿನಲ್ಲಿ ತೆರೆದಾಗ ಗೊಜಲು ಅಕ್ಷರ. ಮೊಬೈಲಿಗೆ ಮಾತಾಡಿ ಬರೆಸುವುದು ತಗಡಿನ ಮಾಡಿನ ಕೆಳಗೆ ನಡೆಯುವುದಿಲ್ಲ, ಮಳೆಯ ಸದ್ದಿಗೆ ‘ಕೊನೆ’ ಹೇಳಿದರೆ ‘ಕೋಣೆ’ ಬರುತ್ತದೆ.

ರಾತ್ರಿ ಓದುವ ದೀಪವನ್ನು ಕಿಟಕಿಯಿಂದ ದೂರ ಇಡಿ. ಮಳೆಹುಳ ಪುಟದ ನಡುವೆ ಸಿಕ್ಕಿ ಅಪ್ಪಚ್ಚಿಯಾದರೆ ಕಲೆ ಹೋಗುವುದಿಲ್ಲ.

---

ಒಲೆಬದಿ (ಸಿದ್ದಾಪುರ):

ತೋಟಕ್ಕೆ ಬಿಡುವು ಎಂದರೆ ಮನೆಗೆ ಬಿಡುವು ಎಂದೇನೂ ಅಲ್ಲ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿದ ಹಾಗೆ ಕಾಣಲಿಲ್ಲ. ಗಂಡಸರು ಜಗಲಿಯಲ್ಲಿ ಕೂತ ವಾರ ಒಳಗೆ ಆಸರಿ (ಕುಡಿಯಲು ಮಾಡಿಕೊಡುವುದು) ಎರಡು ಸಲ ಹೆಚ್ಚು ಆಗುತ್ತದೆ. 50 ನಿಮಿಷ ಒಂದೇ ಸಮ ಕೂರಲು ಸಿಗುವವರಿಗೆ ಮೇಲಿನ ಸಲಹೆ ಸರಿ. 20–25 ನಿಮಿಷದ ತುಂಡುಗಳು ಮಾತ್ರ ಸಿಗುವವರಿಗೆ ಬೇರೆ ಕ್ರಮ ಇದೆ.

ನೋಟ್‌ಬುಕ್ ಬದಲು ಚೀಟಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಅಂಗೈ ಅಗಲಕ್ಕೆ ಕತ್ತರಿಸಿಕೊಳ್ಳಿ. ಒಂದು ಚೀಟಿಗೆ ಒಂದೇ ಗಳಿಗೆ: ಒಬ್ಬರು ಬಾಗಿಲಿಗೆ ಬಂದದ್ದು, ಒಂದು ಮಾತು, ಒಂದು ಪಾತ್ರೆ ಕೈಜಾರಿದ್ದು. ಪೆನ್ಸಿಲ್ಲಿಗೆ ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿ, ಹುಡುಕುವುದರಲ್ಲೇ ಐದು ನಿಮಿಷ ಹೋಗುವುದು ತಪ್ಪುತ್ತದೆ. ನಾಲ್ಕು ದಿನದಲ್ಲಿ 15–20 ಚೀಟಿ ಆಗುತ್ತವೆ. ಐದನೇ ದಿನ ಮಧ್ಯಾಹ್ನ ನೆಲದ ಮೇಲೆ ಹರಡಿ ಸಾಲು ಮಾಡಿ. ಮೂರು-ನಾಲ್ಕು ಚೀಟಿ ಯಾವ ಸಾಲಿಗೂ ಸೇರುವುದಿಲ್ಲ, ಅವನ್ನು ಬಲವಂತ ಮಾಡದೆ ತೆಗೆದಿಡಿ. ಉಳಿದವುಗಳ ನಡುವೆ ಎಲ್ಲಿ ಖಾಲಿ ಇದೆ ಎಂದು ಕಣ್ಣಿಗೇ ಕಾಣುತ್ತದೆ, ಬರೆಯಬೇಕಾದದ್ದು ಅದಷ್ಟೇ. ಈ ಕ್ರಮದಲ್ಲಿ ಕೆಡುವುದು ಒಂದೇ ಕಡೆ: ಚೀಟಿಯಲ್ಲಿ ‘ಅವಳಿಗೆ ಬೇಜಾರಾಯಿತು’ ಎಂದು ಬರೆದಿಟ್ಟರೆ ನಾಲ್ಕು ದಿನದ ನಂತರ ಅದರಿಂದ ಏನೂ ಹುಟ್ಟುವುದಿಲ್ಲ. ಬೇಜಾರಾದವಳು ಕೈಯಲ್ಲಿ ಏನು ಹಿಡಿದಿದ್ದಳು ಎಂದು ಬರೆಯಿರಿ.

ಅಡುಗೆಯಲ್ಲೂ ಹೊತ್ತು ಉಳಿಸಬಹುದು. ಹುಳಿ-ಪಲ್ಯ ಎರಡೂ ಮಾಡುವ ಬದಲು ಒಂದು ತಂಬುಳಿ, ಒಂದು ಸುಟ್ಟ ಹಪ್ಪಳ. ಒಂದೆಲಗ ಒಂದು ಹಿಡಿ, ಜೀರಿಗೆ ಒಂದು ಚಮಚ, ನಾಲ್ಕೈದು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಅರ್ಧ ಕಪ್ ಕಾಯಿತುರಿಯೊಂದಿಗೆ ನುಣ್ಣಗೆ ಬೀಸಿ, ಎರಡು ಕಪ್ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿದರೆ ಆಯಿತು, ಕುದಿಸುವುದಿಲ್ಲ. ಹದಿನೈದು ನಿಮಿಷ. ಸೋಗೆಮಾಡು ಅವರೇ, ವಾರದಲ್ಲಿ ಎರಡು ಹೊತ್ತು ಇದನ್ನು ನೀವೇ ಮಾಡಿ. ಬರೆದು ಎದ್ದ ಕೈಗೆ ಬೇರೆ ಕೆಲಸ ಸಿಕ್ಕಿದಂತೆ ಆಗುತ್ತದೆ, ಒಳಗಿನವರಿಗೂ ಎರಡು ಚೀಟಿ ಬರೆಯಲು ಹೊತ್ತು.

---

ಕಾಳಿ ಅಳಿವೆ (ಕಾರವಾರ):

ಒಲೆಬದಿ ಅಕ್ಕನ ಮಾತಿಗೆ ನೂರಕ್ಕೆ ನೂರು.

‘ಮೊದಲ ಎರಡು ದಿನ ಕಥೆ ಮುಟ್ಟಬೇಡಿ’ ಎನ್ನುವುದಕ್ಕೆ ನಮ್ಮೂರಿನದೇ ಒಂದು ಸಾಕ್ಷಿ ಇದೆ. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದರು. ಆಗ ಅವರಿಗೆ 22 ವರ್ಷ. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿ, ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆಗೆ ಬಂದು, ಆ ರಾತ್ರಿಯೇ ಒಂದು ಕವಿತೆ ಬರೆದರು. ವರ್ಷಗಳ ನಂತರ ತಮ್ಮ ನೆನಪುಗಳಲ್ಲಿ ಆ ರಾತ್ರಿಯನ್ನು ಹೇಳುವಾಗ ಅವರು ಸೇರಿಸುವ ಮಾತು, ಭಾವಕ್ಕೆ ತೀರಾ ಹತ್ತಿರ ಇದ್ದಾಗ ಬರೆದದ್ದು ಚೆನ್ನಾಗಿ ಬರುವುದಿಲ್ಲ, ಕಾವ್ಯಕ್ಕೆ ಸರಿಯಾದ ಬಣ್ಣ ಹಚ್ಚುವುದು ನೆನಪು ಎಂಬ ಅರ್ಥದ್ದು. ಅದೇ ಕಾರವಾರ ವಾಸದಲ್ಲಿ ಅವರು ಒಂದು ನಾಟಕವನ್ನೂ ಬರೆದರು. ಈಗ ನಮ್ಮ ಕಡಲತೀರಕ್ಕೆ ಅವರದೇ ಹೆಸರು.

ಹಾಗಾಗಿ ಈ ವಾರ ಕಂಡ ಮಳೆಯನ್ನು ಈ ವಾರದ ಕಥೆಗೇ ತುಂಬಲು ಹೋಗಬೇಡಿ. ನೋಟ್‌ಬುಕ್ಕಿನ ಎಡಪುಟವನ್ನು ಅದಕ್ಕೆ ಬಿಡಿ, ಬಲಪುಟದಲ್ಲಿ ಕಥೆ. ಎಡಪುಟಕ್ಕೆ ದಿನಕ್ಕೆ ಐದು ಸಾಲು ಸಾಕು, ಉಪಮೆ ಇಲ್ಲದೆ. ಮಳೆ ಸೋಗೆಯ ಮೇಲೆ, ಹಂಚಿನ ಮೇಲೆ, ತಗಡಿನ ಮೇಲೆ, ಬಾಳೆಲೆಯ ಮೇಲೆ ಬೇರೆ ಬೇರೆ ಸದ್ದು ಮಾಡುತ್ತದೆ. ಯಾವುದು ಮೊದಲು ನಿಲ್ಲುತ್ತದೆ, ನಿಂತ ಮೇಲೂ ಎಷ್ಟು ಹೊತ್ತು ಎಲ್ಲಿಂದ ತೊಟ್ಟಿಕ್ಕುತ್ತದೆ, ಕಪ್ಪೆ ಯಾವಾಗ ಸುಮ್ಮನಾಗುತ್ತದೆ, ಇಂಥವು. ಕರಾವಳಿಯವರಿಗೆ ಇನ್ನೊಂದು: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂದರು ಅಷ್ಟು ಸುಮ್ಮನಿರುವುದು ವರ್ಷದಲ್ಲಿ ಆಗ ಮಾತ್ರ. ಬಲೆ ಹೆಣೆಯುವವರ ಕೈ ನೋಡಲು, ಮಾತು ಕೇಳಲು ಅದೇ ಹೊತ್ತು.

ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಿರಿ, ಕೂತು ಬರೆದ ಸೊಂಟಕ್ಕೆ ಅದೇ ವಿಶ್ರಾಂತಿ. ಶಿರಸಿ ಕಡೆಯವರಿಗೆ ಉಂಬಳದ (ಜಿಗಣೆಯ) ಕಾಟ, ಗೊತ್ತು. ಕಾಲಿಗೆ ಸುಣ್ಣ-ತಂಬಾಕು ಹಚ್ಚಿ ಹೊರಡಿ, ಹತ್ತಿದ್ದನ್ನು ಎಳೆದು ಕೀಳದೆ ಉಗುರಿನಿಂದ ಬಾಯಿಯ ಬದಿಗೆ ಸವರಿ ಬಿಡಿಸಿ.

---

ಸೋಗೆಮಾಡು (ಶಿರಸಿ):

ಎಲ್ಲರಿಗೂ ಧನ್ಯವಾದ. ಪಟ್ಟಿ ಹರಿದು ಹಾಕಿದೆ. ಒಲೆಬದಿ ಅಕ್ಕಾ, ತಂಬುಳಿ ಒಪ್ಪಿಕೊಂಡೆ.

ಎರಡು ಪ್ರಶ್ನೆ ಉಳಿಯಿತು. ಐದನೇ ದಿನವೋ ಆರನೇ ದಿನವೋ ಚೆನ್ನಾಗಿ ಹೊಳವಾಗಿ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನಾಳೆಯೇ ಬರುತ್ತೇನೆ ಎಂದರೆ ಬಿಡುವ ಹಾಗಿಲ್ಲ. ಕೊಳೆ ರೋಗ ನಮ್ಮ ಕಥೆ ಮುಗಿಯುವವರೆಗೆ ಕಾಯುವುದಿಲ್ಲ. ಆಗ ಏನನ್ನು ಬಿಡುವುದು? ಇನ್ನೊಂದು, ಎಂಟನೇ ದಿನ ತಿದ್ದುವುದು ಹೇಗೆ?

---

ಅಘನಾಶಿನಿ ದಡ (ಕುಮಟಾ):

ಮೊದಲನೆಯದಕ್ಕೆ: ಮದ್ದಿನ ದಿನ ಬರಹ ಸೊನ್ನೆ ಎಂದು ಮೊದಲೇ ಒಪ್ಪಿಕೊಳ್ಳಿ. ಹಿಂದಿನ ರಾತ್ರಿ ಮೂರು ಸಾಲು ಬರೆದಿಡಿ: ಪಾತ್ರ ಈಗ ಎಲ್ಲಿ ನಿಂತಿದೆ, ಮುಂದೆ ಆಗಬೇಕಾದ ಒಂದು ಸಂಗತಿ, ಆ ಭಾಗದಲ್ಲಿ ಬರಲೇಬೇಕಾದ ಒಂದು ವಸ್ತು. ಮದ್ದಿನ ಮಾರನೇ ದಿನ ಭುಜ ಎತ್ತಲಾಗುವುದಿಲ್ಲ, ಅಂದು ವಿಶ್ರಾಂತಿ. ಕಳೆದ ಎರಡು ದಿನವನ್ನು ಓದಿನಿಂದ ಮುರಿದುಕೊಳ್ಳಿ, ನಿದ್ದೆಯಿಂದ ಮುರಿದುಕೊಳ್ಳಬೇಡಿ. ಕಾದಂಬರಿ ಅರ್ಧಕ್ಕೆ ನಿಂತರೆ ಶ್ರಾವಣದಲ್ಲಿ ಓದಬಹುದು, ಅದು ಮರೆಯುವುದಿಲ್ಲ. ಅರ್ಧ ಕಥೆ ಇನ್ನೊಮ್ಮೆ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ.

---

ಹಂಚಿನ ಕೆಳಗೆ (ಯಲ್ಲಾಪುರ):

ಮದ್ದಿನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಇದು ಎಲ್ಲರಿಗೂ ಗೊತ್ತು. ತಲೆಯಲ್ಲಿ ಕಥೆ ಓಡುತ್ತಿರುವವರು ತಪ್ಪುವುದು ಸುರಿಯುವ ಕ್ರಮದಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು, ತಿರುಗಾಮುರುಗಾ ಅಲ್ಲ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ, ಕೆಂಪು ತುಕ್ಕಿನಂತೆ ಕೂತರೆ ಸುಣ್ಣ ಇನ್ನೂ ಬೇಕು. ಕಲಸಿದ್ದನ್ನು ಅಂದೇ ಮುಗಿಸಿ. ಆ ಕೈಯಲ್ಲಿ ನೋಟ್‌ಬುಕ್ ಮುಟ್ಟಬೇಡಿ, ನೀಲಿ ಹೋಗುವುದಿಲ್ಲ.

---

ಕರಡು ತಿದ್ದುವವ (ಹೊನ್ನಾವರ):

ಎಂಟನೇ ದಿನದ ತಿದ್ದುವಿಕೆಗೆ ಮೂರು ಸುತ್ತು, ನಡುವೆ ಒಂದೊಂದು ಗಂಟೆ ಬಿಡುವು.

ಮೊದಲ ಸುತ್ತಿನಲ್ಲಿ ಕೈಯಲ್ಲಿ ಪೆನ್ಸಿಲ್ ಇಲ್ಲದೆ ಗಟ್ಟಿಯಾಗಿ ಓದಿ. ಉಸಿರು ಎಳೆಯಬೇಕಾದಲ್ಲಿ, ನಾಲಿಗೆ ತೊಡರಿದಲ್ಲಿ ಅಂಚಿಗೆ ಉಗುರಿನ ಗೀರು ಸಾಕು. ಎರಡನೆಯದರಲ್ಲಿ ಕಡಿಯುವುದು. ಮೊದಲ ಪ್ಯಾರಾ ತೆಗೆದರೂ ಕಥೆ ನಿಲ್ಲುತ್ತದೆಯೇ ನೋಡಿ. ಬಹಳ ಸಲ ನಿಲ್ಲುತ್ತದೆ, ಅದು ಬರೆಯುವವರು ಜಗಲಿ ಹತ್ತಲು ಹಾಕಿಕೊಂಡ ಮೆಟ್ಟಿಲು. ‘ಒಂದು ರೀತಿಯ’, ‘ಏನೋ ಒಂದು’, ‘ತುಂಬಾ’ ಇವುಗಳನ್ನು ಹುಡುಕಿ ಹೊಡೆಯಿರಿ. 2,500 ಇದ್ದದ್ದು 2,200ಕ್ಕೆ ಇಳಿದರೆ ಹೆದರಬೇಡಿ. ಮೂರನೆಯದರಲ್ಲಿ ಕಾಗುಣಿತ, ಹೆಸರು, ವಾರ-ತಿಥಿ ಮಾತ್ರ. ಅಷ್ಟಮಿ ಎಂದು ಬರೆದ ರಾತ್ರಿ ಸಂಜೆಯಾಗುತ್ತಲೇ ಪೂರ್ವದಲ್ಲಿ ಹುಣ್ಣಿಮೆಯಂಥ ಚಂದ್ರ ಏಳುವುದು ಈಗಲೂ ಕರಡುಗಳಲ್ಲಿ ಸಿಗುತ್ತದೆ.

ಗಟ್ಟಿಯಾಗಿ ಓದುವುದು ಮಾತ್ರ ಜಗಲಿಯಲ್ಲಿ ಬೇಡ. ಹಂಚಿನ ಮೇಲೆ ಮಳೆ ಹೊಡೆಯುವಾಗ ಅದನ್ನು ಮೀರಿಸಲು ದನಿ ತಾನಾಗಿ ಏರುತ್ತದೆ, ಏರಿದ ದನಿಯಲ್ಲಿ ಎಲ್ಲ ವಾಕ್ಯವೂ ಭಾಷಣದಂತೆ ಕೇಳಿ, ಸರಿಯಿದ್ದದ್ದನ್ನೂ ತಿದ್ದಿಬಿಡುತ್ತೀರಿ. ಮರದ ಮುಚ್ಚಿಗೆ ಇರುವ ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಓದಿ.